ಪರರ ಮನೆ ಕಟ್ಟುವ ಕಾಯಕ

ಜಮಖಂಡಿ ತಾಲೂಕಿನ ಕೃಷ್ಣಾ ತೀರದ ಒಂದು ಶರಣ ಕುಟುಂಬಕ್ಕೆ ಕಳೆದ ಬೇಸಿಗೆಯಲ್ಲಿ ನಾವು ಭೇಟಿ ಕೊಟ್ಟಿದ್ದೆವು. ಆ ಮನೆಯ ಮಗ ಅಮೇರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಯ ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು ರಜೆಗೆಂದು ಅಜ್ಜನ ಊರಿಗೆ ಬಂದಿದ್ದಳು. ಹಿಂದಿನ ರಜೆಯಲ್ಲಿ ಸಹಪಾಠಿಗಳೊಡನೆ ಮಧ್ಯ ಅಮೇರಿಕದ ಬಡ ಊರೊಂದಕ್ಕೆ ಹೋಗಿ, ಸೂರಿಲ್ಲದ ಕುಟುಂಬಕ್ಕೆ ಮನೆ ಕಟ್ಟುವ ಕೆಲಸದಲ್ಲಿ ಒಂದು ವಾರ ಕೈಗೂಡಿಸಿದ ಸಂಗತಿಯನ್ನು ಅವಳು ಉತ್ಸಾಹದಿಂದ ಹೇಳುತ್ತಿದ್ದಳು. ಎಲ್ಲವನ್ನೂ ಕೇಳಿದ ಅಜ್ಜನವರು, "ಅಲ್ಲವ್ವಾ, ಆ ಊರಾಗ ಗೌಂಡಿಗಳು ಇರಲಿಲ್ಲೇನು? ನೀ ವಿಮಾನ ಹತ್ತಿ ಹೋಗಿ ಇಟ್ಟಂಗಿ ಹೊರಬೇಕಾತೇನು?" ಎಂದು ಕೇಳಿದರು. ಮೊಮ್ಮಗಳು ಸುಮ್ಮನಾದಳು. ಆ ಪ್ರಶ್ನೆ ನಮ್ಮ ಮನಸ್ಸಿನಲ್ಲಿಯೂ ಉಳಿಯಿತು.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಇಂಥ ಸೇವೆಗೆ ಅವರಿಗೂ ಕರೆ ಬರುತ್ತದೆ. ಆದುದರಿಂದ ಈ ಸೇವೆಯ ಮೂಲವೇನು, ಅದರ ಸಾರ್ಥಕ್ಯವೆಲ್ಲಿದೆ ಎಂಬುದನ್ನು ವಿಚಾರಿಸುವುದು ಉಚಿತವೆನಿಸುತ್ತದೆ.

ಅಮೇರಿಕದ ಜಾರ್ಜಿಯಾ ರಾಜ್ಯದಲ್ಲಿ ಬಿಳಿಯರೂ ಕಪ್ಪುಜನರೂ ಒಂದಾಗಿ ದುಡಿದು ಬಾಳುತ್ತಿದ್ದ ಕೊಯ್ನೋನಿಯಾ ಎಂಬ ಕೃಷಿ ನೆಲೆಯೊಂದಿತ್ತು. ಎಳೆಯ ವಯಸ್ಸಿನಲ್ಲಿಯೇ ಲಕ್ಷಾಧೀಶರಾಗಿದ್ದ ವಕೀಲ ಮಿಲರ್ಡ್ ಫುಲ್ಲರ್ ಮತ್ತು ಅವರ ಪತ್ನಿ ಲಿಂಡಾ ತಮ್ಮ ಸಂಪತ್ತನ್ನು ತೊರೆದು ಅಲ್ಲಿಗೆ ಬಂದರು. 1973ರಿಂದ ಮೂರು ವರ್ಷ ಆಫ್ರಿಕದ ಜೈರ್ ದೇಶದಲ್ಲಿ ಬಡವರಿಗಾಗಿ ಮನೆ ಕಟ್ಟಿದರು. ಮರಳಿ ಬಂದು 1976ರಲ್ಲಿ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಈ ಸಂಸ್ಥೆಯ ನಿಯಮ ಗಮನಾರ್ಹವಾದುದು. ಮನೆ ಪಡೆಯುವ ಕುಟುಂಬ ತಾನೂ ಕಟ್ಟಡದ ಕೆಲಸದಲ್ಲಿ ಬೆವರು ಸುರಿಸಬೇಕು. ಮನೆಯ ವೆಚ್ಚವನ್ನು ಕಂತುಗಳಲ್ಲಿ ತೀರಿಸಬೇಕು. ಆ ಹಣದಲ್ಲಿ ಸಂಸ್ಥೆ ಲಾಭ ಮಾಡಿಕೊಳ್ಳದು. ಅದು ಮತ್ತೊಬ್ಬರ ಮನೆಗೆ ಸಲ್ಲುತ್ತದೆ. ಇಂದು ಪಡೆದವನು ನಾಳೆ ಕೊಡುವವನಾಗುತ್ತಾನೆ.

ಈ ಕೆಲಸಕ್ಕೆ ಲೋಕಖ್ಯಾತಿ ತಂದವರು ಅಮೇರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಅವರ ಪತ್ನಿ ರೋಸಲಿನ್. 1984ರಲ್ಲಿ ಅವರು ಇತರ ಸ್ವಯಂಸೇವಕರೊಡನೆ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಪಯಣಿಸಿ, ಪಾಳುಬಿದ್ದ ಕಟ್ಟಡವೊಂದನ್ನು 19 ಕುಟುಂಬಗಳಿಗೆ ವಾಸಯೋಗ್ಯವಾಗಿ ಮಾಡುವ ಕೆಲಸಕ್ಕೆ ಕೈಹಚ್ಚಿದರು. 2006ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಮಹಾರಾಷ್ಟ್ರದ ಲೋಣಾವಳಾ ಬಳಿಯ ಮಳವಲಿಗೆ ಬಂದು ದೇಶ ವಿದೇಶಗಳ ಸೇವಕರೊಡನೆ 100 ಮನೆಗಳ ನಿರ್ಮಾಣದಲ್ಲಿ ದುಡಿದರು. 2019ರ ಅಕ್ಟೋಬರಿನಲ್ಲಿ ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡ 95ರ ಆ ವೃದ್ಧರು, ಮರುದಿನವೇ ನ್ಯಾಶ್‌ವಿಲ್ ನಗರದಲ್ಲಿ ಮನೆ ಕಟ್ಟುವ ಸ್ಥಳಕ್ಕೆ ಹಾಜರಾಗಿದ್ದರು. 2024ರ ಡಿಸೆಂಬರಿನಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಷ್ಟ್ರದ ಅತ್ಯುನ್ನತ ಪದವಿಯಿಂದ ಇಳಿದವರು ಸುತ್ತಿಗೆ ಹಿಡಿಯಲು ನಾಚಲಿಲ್ಲವೆಂಬುದೇ ಕಾಯಕದಲ್ಲಿ ಮೇಲು ಕೀಳೆಣಿಸಬಾರದೆಂದು ಕಲಿತ ನಮಗೆ ಹಿರಿದಾಗಿ ಕಾಣುತ್ತದೆ.

ಆದರೆ ಅಜ್ಜನವರ ಪ್ರಶ್ನೆಗೆ ಇಷ್ಟರಿಂದಲೇ ಉತ್ತರ ದೊರೆಯದು. 1998ರ ಮಿಚ್ ಚಂಡಮಾರುತದಿಂದ ಹೊಂಡುರಾಸ್ ದೇಶದಲ್ಲಿ ಸಾವಿರಾರು ಮನೆಗಳು ನೆಲಸಮವಾದಾಗ ಉತ್ತರ ಅಮೇರಿಕದಿಂದ ತಂಡ ತಂಡವಾಗಿ ಜನ ಹೋಗಿ ಮನೆ ಕಟ್ಟಿದರು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಸ್ಥಳೀಯರು ಸುಮಾರು 2,000 ಡಾಲರಿನಲ್ಲಿ ಕಟ್ಟಬಹುದಾದ ಮನೆಗೆ, ಹೊರಗಿನ ತಂಡದ ಪ್ರಯಾಣದ ವೆಚ್ಚವೂ ಸೇರಿ ಸುಮಾರು 30,000 ಡಾಲರು ತಗಲುತ್ತಿತ್ತು. ಆ ಹಣವನ್ನೇ ಕಳಿಸಿದ್ದರೆ ಇನ್ನೂ ಹಲವು ಮನೆಗಳು ಏಳುತ್ತಿದ್ದುವಲ್ಲ ಎಂದು ಅಲ್ಲಿಯ ಜನರಿಗೆ ಅನ್ನಿಸಿದ್ದರೆ ತಪ್ಪೇನು? ಮಾಡುವವರ ಮನಸ್ಸಂತೋಷವೇ ಮುಖ್ಯವಾಗಿ, ಪಡೆಯುವವರ ಅಗತ್ಯ ಹಿಂದೆ ಸರಿದರೆ ಸೇವೆ ಯಾತ್ರೆಯಾಗಿಬಿಡುತ್ತದೆ.

ಇದು ದೂರದೇಶದ ಮಾತಷ್ಟೇ ಅಲ್ಲ. 2009ರ ನೆರೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಊರೂರುಗಳು ಕುಸಿದಾಗ 'ಆಸರೆ' ಯೋಜನೆಯಡಿಯಲ್ಲಿ ಉದಾರ ದಾನಿಗಳು ಹೊಸ ಮನೆಗಳನ್ನು ಕಟ್ಟಿಸಿಕೊಟ್ಟರು. ಅವರ ಔದಾರ್ಯಕ್ಕೆ ಕೈಮುಗಿಯಲೇಬೇಕು. ಆದರೂ ಹಲವೆಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರವಾಯಿತು, ದನ ಕಟ್ಟಲು ಮತ್ತು ಮೇವು ಒಟ್ಟಲು ಜಾಗವಿರಲಿಲ್ಲ. ಒಕ್ಕಲುತನದ ಮನೆಗೆ ಏನು ಬೇಕೆಂದು ಒಕ್ಕಲಿಗನನ್ನೇ ಕೇಳದೆ ಕಟ್ಟಿದ ಮನೆ, ಗೋಡೆ ಗಟ್ಟಿಯಿದ್ದರೂ ಮನೆಯಾಗಲಾರದು.

ಹಾಗಾದರೆ ಪರರಿಗೆ ಸಲ್ಲಿಸುವ ಶ್ರಮ ಎಲ್ಲಿ ಫಲಿಸುತ್ತದೆ? ಇದಕ್ಕೆ ಉತ್ತರ ನಮ್ಮ ಚಿಕ್ಕಪಡಸಲಗಿಯಲ್ಲಿಯೇ ಇದೆ. ಆಗ ಬೇಸಿಗೆ ಬಂತೆಂದರೆ ಕೃಷ್ಣೆ ಬತ್ತುತ್ತಿದ್ದಳು, ತೀರದ ಬೆಳೆ ಒಣಗುತ್ತಿತ್ತು. ಸರಕಾರದ ದಾರಿ ಕಾಯ್ದು ದಣಿದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘದ ಮೂಲಕ ಒಂದಾದರು. ತಾವೇ ವಂತಿಗೆ ಕೂಡಿಸಿದರು, ಶ್ರಮದಾನ ಮಾಡಿದರು. 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ನಿಂತಿತು. ರೈತರೇ ಕಟ್ಟಿದ ದೇಶದ ಮೊದಲ ಬ್ಯಾರೇಜೆಂದು ಅದು ಹೆಸರಾಯಿತು. ಬೆವರ ಹನಿಗಳು ಕೂಡಿ ಆದ ಆ ಜಲರಾಶಿಗೆ 'ಶ್ರಮಬಿಂದು ಸಾಗರ' ಎಂಬ ಹೆಸರು ಎಷ್ಟು ಅರ್ಥಪೂರ್ಣ! 'ಬ್ಯಾರೇಜ್ ಸಿದ್ದು' ಎಂದೇ ಜನ ಕರೆದ ನ್ಯಾಮಗೌಡರನ್ನು 1991ರಲ್ಲಿ ಬಾಗಲಕೋಟೆ ಕ್ಷೇತ್ರ ಲೋಕಸಭೆಗೆ ಆರಿಸಿ ಕಳಿಸಿತು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ನಮ್ಮನ್ನಗಲಿದರು. ಬ್ಯಾರೇಜು ನಿಂತಿದೆ. ಕಟ್ಟಿದ ಮೇಲೆ ಕೈತೊಳೆದುಕೊಳ್ಳದೆ, ಆಲಮಟ್ಟಿಯ ಹಿನ್ನೀರನ್ನು ತಮ್ಮದೇ ಖರ್ಚಿನಲ್ಲಿ ಪಂಪುಗಳಿಂದ ಮೇಲೆತ್ತಿ ಅದನ್ನು ತುಂಬಿಸಿಕೊಂಡವರೂ ಇದೇ ರೈತರು. ಸ್ವಂತ ಬೆವರು ಬಿದ್ದ ಕಟ್ಟಡವನ್ನು ಯಾರೂ ಪಾಳುಗೆಡವುವುದಿಲ್ಲ.

ಅಂದು ಸಂಜೆ ಅಜ್ಜನವರು ಮೊಮ್ಮಗಳನ್ನೂ ನಮ್ಮನ್ನೂ ಆ ಬ್ಯಾರೇಜಿನ ಮೇಲೆ ಕರೆದೊಯ್ದರು. ತಾವು ಕಲ್ಲು ಹೊತ್ತ ದಿನಗಳನ್ನು ನೆನೆದರು. ಬಳಿಕ ಮೆಲ್ಲಗೆ ಕೇಳಿದರು: "ಅಲ್ಲಿ ಆ ಮನಿ ಮಂದೀನೂ ನಿಮ್ಮ ಜೋಡಿ ಇಟ್ಟಂಗಿ ಹೊತ್ತಿದ್ದರೇನವ್ವಾ?"

"ಹೌದಜ್ಜಾ. ಆ ಮನಿ ತಾಯಿ ನಮಗಿಂತ ಹೆಚ್ಚ ಹೊತ್ತಳು. ಯಾವ ಕಡೆ ಬಾಗಲಾ ಇಡಬೇಕಂತ ಅಕಿನ ಹೇಳಿದಳು."

"ಹಂಗಾದರ ಚಲೋ ಆತು ಬಿಡು. ಅದು ಅಕೀನ ಮನಿ ಆತು."

ಅಜ್ಜನವರ ಈ ಒಂದು ಮಾತೇ ಸಾಕು. ದಾನದಲ್ಲಿ ಕೊಡುವವನ ಕೈ ಮೇಲೆ, ಬೇಡುವವನ ಕೈ ಕೆಳಗೆ. ದಾಸೋಹದಲ್ಲಿ ಆ ಭೇದವಿಲ್ಲ. ಅಲ್ಲಿ ಇಬ್ಬರೂ ಒಂದೇ ಬುಟ್ಟಿಗೆ ಕೈಹಚ್ಚುತ್ತಾರೆ.

ಹೊರನಾಡಿನಲ್ಲಿರುವ ನಮ್ಮ ಮಕ್ಕಳು ಇಂಥ ಸೇವೆಗೆ ಅವಶ್ಯ ಹೋಗಲಿ. ಹೊರಡುವ ಮುನ್ನ ಮೂರು ಮಾತು ವಿಚಾರಿಸಲಿ: ಆ ಕುಟುಂಬವೂ ದುಡಿಯುತ್ತದೆಯೇ? ಸ್ಥಳದ ಗೌಂಡಿಗಳ ಕೆಲಸಕ್ಕೆ ನಮ್ಮಿಂದ ಕುತ್ತು ಬಾರದಷ್ಟೇ? ನಾವು ಮರಳಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಊರಿನಲ್ಲಿರುವ ನಮಗೂ ಕೆಲಸವಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಯರು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಭಾಗಗಳಲ್ಲಿ ಮನೆಗಳು ಬಿದ್ದುವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿ, ಕಟ್ಟಡ ಮೇಲೇಳುವಂತೆ ಕಂತುಕಂತಾಗಿ ಕೊಡುವ ಏರ್ಪಾಡು ಮಾಡಿತು. ದುಡಿಯುವ ಕೈಯಿಲ್ಲದ ಮನೆಯಲ್ಲಿ, ಒಂಟಿ ತಾಯಂದಿರ ಮನೆಯಲ್ಲಿ, ಕೆಲಸ ಬುನಾದಿಗೇ ನಿಂತರೆ ಮುಂದಿನ ಕಂತು ಬರುವುದೆಂತು? ಅಂಥ ಕಡೆ ಓಣಿಯ ಹತ್ತು ಯುವಕರು ನಾಲ್ಕು ದಿನ ಗುದ್ದಲಿ ಹಿಡಿದರೆ ಒಂದು ಸಂಸಾರ ನೆಲೆ ನಿಲ್ಲುತ್ತದೆ. ಅದಕ್ಕೆ ವಿಮಾನದ ಖರ್ಚೂ ಬೇಡ. ನದಿಯನ್ನೇ ತಡೆದು ನಿಲ್ಲಿಸಿದ ನಾಡಿನ ಮಕ್ಕಳಿಗೆ ನೆರೆಮನೆಯ ಗೋಡೆಯೊಂದನ್ನು ಎತ್ತಿ ನಿಲ್ಲಿಸುವುದು ಭಾರವಾದೀತೆ?