ಹತ್ತು ಮಂದಿ ಇಟ್ಟ ಹೆಸರು

ದೊಡ್ಡ ಕಛೇರಿಗಳಲ್ಲಿ ಕಾಗದವು ಕಳೆದುಹೋಗುವುದು ಅಪರೂಪ. ಇದ್ದೂ ಸಿಕ್ಕದಿರುವುದೇ ಹೆಚ್ಚು. ಕಡತಗಳೆಲ್ಲ ಕಂಪ್ಯೂಟರಿನೊಳಕ್ಕೆ ಸೇರಿದ ಮೇಲೆ ಈ ತೊಂದರೆ ತೀರಿರಬೇಕೆಂದು ತಾವು ಊಹಿಸಬಹುದು. ಜಗತ್ತಿನ ಯಾವ ಮೂಲೆಯ ಸಂಗತಿಯನ್ನಾದರೂ ಕ್ಷಣದಲ್ಲಿ ತಂದೊಪ್ಪಿಸುವ ಗೂಗಲ್ ಇರುವಾಗ, ತನ್ನದೇ ಕಛೇರಿಯ ಪ್ರಯಾಣಭತ್ಯದ ನಮೂನೆ ನೌಕರನಿಗೆ ಸಿಕ್ಕುವುದಿಲ್ಲವೆಂದರೆ ವಿಚಿತ್ರವಾಗಿ ತೋರುತ್ತದೆ. ಆದರೆ ಸಂಗತಿ ಹಾಗೆಯೇ ಇದೆ.

ಹೊರಗಿನ ಜಾಲದಲ್ಲಿ ಒಂದು ಪುಟ ಉಪಯುಕ್ತವೆನಿಸಿದರೆ ಅನೇಕರು ತಮ್ಮ ಪುಟಗಳಿಂದ ಅದಕ್ಕೆ ಕೊಂಡಿ ಹಾಕುತ್ತಾರೆ; ಹಾಕುವಾಗ ಅದನ್ನು ತಮ್ಮ ಮಾತಿನಲ್ಲಿ ಹೆಸರಿಸುತ್ತಾರೆ. ಆ ಕೊಂಡಿಗಳನ್ನು ಸಾಕ್ಷಿಗಳಂತೆ ತೂಗಿ ನೋಡಿದ್ದರಿಂದಲೇ 1998ರಲ್ಲಿ ಸ್ಥಾಪಿತವಾದ ಗೂಗಲ್ ಹೆಸರು ಗಳಿಸಿತು. ಕಛೇರಿಯ ಒಳಜಾಲದಲ್ಲಿ ಇಂಥ ಸಾಕ್ಷಿಗಳು ಬಹಳ ಕಡಿಮೆ. ಅಧಿಕಾರಿಯೊಬ್ಬರು ಸುತ್ತೋಲೆ ಬರೆದು ಒಂದೆಡೆ ಇರಿಸಿದರೆ ಅಲ್ಲಿಗೆ ಮುಗಿಯಿತು. ಅದರಲ್ಲಿರುವುದೆಲ್ಲ ಬರೆದವರ ಮಾತು. ಅವರು ‘ಪ್ರವಾಸ ವೆಚ್ಚ ಮರುಪಾವತಿ ಕಾರ್ಯವಿಧಾನ’ ಎಂದು ಬರೆದಿದ್ದರೆ, ‘ಬಸ್ ಚಾರ್ಜು’ ಎಂದು ಹುಡುಕುವ ಗುಮಾಸ್ತನಿಗೆ ಅದು ಹೇಗೆ ದೊರೆತೀತು?

ಈ ಪದಸಮಸ್ಯೆಯನ್ನು ಅಮೆರಿಕದ ಫರ್ನಾಸ್ ಮತ್ತು ಅವರ ಸಂಗಡಿಗರು 1987ರಲ್ಲಿ ಅಳೆದು ತೋರಿಸಿದರು. ಅಡುಗೆಯ ವಿಧಾನಗಳು, ಮಾರಾಟದ ಜಾಹೀರಾತಿನ ಸಾಮಾನುಗಳು ಮುಂತಾದವನ್ನು ಜನರ ಮುಂದಿಟ್ಟು, ಇದನ್ನು ಏನೆಂದು ಕರೆಯುವಿರಿ ಎಂದು ಕೇಳಿದರು. ಇಬ್ಬರು ಒಂದೇ ವಸ್ತುವಿಗೆ ಒಂದೇ ಪದವನ್ನು ಹೇಳುವ ಸಂಭವ ಐದರಲ್ಲಿ ಒಂದಕ್ಕಿಂತಲೂ ಕಡಿಮೆ! ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದರಿಂದ ಆಶ್ಚರ್ಯವಾಗದು. ಆದರೆ ಅಮರಸಿಂಹನು ಪರ್ಯಾಯಪದಗಳನ್ನು ಒಂದೆಡೆ ಕಟ್ಟಿಟ್ಟನು. ಕಛೇರಿಯ ಕಡತಗಳಿಗೆ ಅಂಥ ಕೋಶವನ್ನು ಕಟ್ಟುವವರಾರು?

ನೌಕರರೇ ಕಟ್ಟಲಿ ಎಂಬುದು ‘ಟ್ಯಾಗ್’ ಪದ್ಧತಿಯ ಉತ್ತರ. ಟ್ಯಾಗ್ ಎಂದರೆ ಗುರುತಿನ ಚೀಟಿ. ಓದಿದವನು ತನಗೆ ತೋಚಿದ ಎರಡು ಮೂರು ಮಾತುಗಳನ್ನು ಆ ಪುಟಕ್ಕೆ ಅಂಟಿಸಿಡುತ್ತಾನೆ. ಸಾರ್ವಜನಿಕ ಜಾಲದಲ್ಲಿ 2003ರಲ್ಲಿ ಆರಂಭವಾದ ‘ಡೆಲಿಷಸ್’ ಎಂಬ ತಾಣವು ಇದನ್ನು ರೂಢಿಗೆ ತಂದಿತು. ಅದನ್ನು ನೋಡಿ ಐ.ಬಿ.ಎಂ. ಸಂಸ್ಥೆಯ ಸಂಶೋಧಕರು ತಮ್ಮ ನೌಕರರಿಗಾಗಿ 2005ರಲ್ಲಿ ‘ಡಾಗಿಯರ್’ ಎಂಬ ವ್ಯವಸ್ಥೆಯನ್ನು ರಚಿಸಿದರು. ನಾಯಿಯ ಕಿವಿ ಎಂದು ಅದರ ಅರ್ಥ. ಪುಸ್ತಕದ ಹಾಳೆಯ ಮೂಲೆ ಮಡಿಸುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. (ಶಾಲೆಯಲ್ಲಿ ನಾವು ಬೈದು ಬಿಡಿಸುವ ಅಭ್ಯಾಸಕ್ಕೆ ಅಲ್ಲಿ ಎಂಥ ಗೌರವ!)

ಇದರ ವಿಶೇಷವೆಂದರೆ, ಮಾತನ್ನು ಅಂಟಿಸಿದವರ ನಿಜವಾದ ಹೆಸರು ಜೊತೆಯಲ್ಲಿಯೇ ಕಾಣುತ್ತಿತ್ತು. ಒಂದು ವಿಷಯವನ್ನು ಹುಡುಕಿಕೊಂಡು ಹೋದವನಿಗೆ ಕಡತವಷ್ಟೇ ಅಲ್ಲ, ಆ ವಿಷಯವನ್ನು ಬಲ್ಲ ಮನುಷ್ಯನೂ ಸಿಕ್ಕುವನು. ಸಾವಿರಾರು ಮೈಲಿಗಳ ಅಂತರದಲ್ಲಿ ಲಕ್ಷಾಂತರ ಜನ ದುಡಿಯುವ ಸಂಸ್ಥೆಯಲ್ಲಿ ಇದು ಸಣ್ಣ ಲಾಭವಲ್ಲ.

ತಲೆಗೊಂದು ಮಾತು ಅಂಟಿಸಿದರೆ ಗೊಂದಲವಾಗದೆ? ಇದು ನ್ಯಾಯವಾದ ಶಂಕೆಯೇ. ಏಕವಚನ ಬಹುವಚನಗಳ ಗಲಿಬಿಲಿ ಇದ್ದೇ ಇರುತ್ತದೆ. ‘ಆಮೇಲೆ ಓದಬೇಕು’ ಎಂಬಂಥ ಸ್ವಂತದ ಗುರುತುಗಳೂ ನುಸುಳುತ್ತವೆ. ಆದರೆ ಡೆಲಿಷಸ್ ತಾಣವನ್ನು ಪರೀಕ್ಷಿಸಿದ ಗೋಲ್ಡರ್ ಮತ್ತು ಹ್ಯೂಬರ್ಮನ್ ಎಂಬುವರು ಒಂದು ಸೊಗಸಾದ ಸಂಗತಿಯನ್ನು ಕಂಡರು. ಸುಮಾರು ನೂರು ಮಂದಿ ಒಂದು ಪುಟಕ್ಕೆ ಗುರುತು ಹಾಕುವ ವೇಳೆಗೆ, ಯಾವ ಮಾತು ಎಷ್ಟು ಪಾಲು ಬಳಕೆಯಾಗುವುದೆಂಬುದು ಹೆಚ್ಚುಕಡಿಮೆ ನಿಂತುಬಿಡುತ್ತದೆ. ಯಾರೂ ಅಪ್ಪಣೆ ಮಾಡಿದ್ದಲ್ಲ. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗುತ್ತಾನೆ, ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂಬ ಆಶಯವನ್ನು ಪತಂಜಲಿ ಮಹಾಭಾಷ್ಯದಲ್ಲಿ ಹೇಳಿದ್ದಾನಷ್ಟೆ. ಲೋಕದ ಬಳಕೆಯೇ ಇಲ್ಲಿಯೂ ಪ್ರಮಾಣ.

ನಿಜವಾದ ಕಷ್ಟ ಬೇರೆಡೆ ಇದೆ. ಕಛೇರಿಯ ಒಂದು ಕಡತಕ್ಕೆ ನೂರು ಮಂದಿ ಎಲ್ಲಿಂದ ಬರಬೇಕು? ಹೆಚ್ಚಿನವರು ಓದಿ ಸುಮ್ಮನಿರುವವರೇ. ಇದಕ್ಕೊಂದು ಉಪಾಯವನ್ನು ಐ.ಬಿ.ಎಂ. ಒಳಜಾಲದಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಣಬಹುದು. ನೌಕರರು ಬೇಕೆಂದು ಬರೆದ ಗುರುತುಗಳ ಜೊತೆಗೆ, ಅವರು ಹುಡುಕಲು ಬಳಸಿದ ಪದಗಳನ್ನೂ ಕೂಡಿಹಾಕಿ, ಆ ಹುಡುಕಾಟದಲ್ಲಿ ಯಾವ ಪುಟವನ್ನು ತೆರೆದರೋ ಅದಕ್ಕೆ ಅಂಟಿಸಿದರು. ‘ಬಸ್ ಚಾರ್ಜು’ ಎಂದು ಹುಡುಕಿದ ಗುಮಾಸ್ತನು ಕೊನೆಗೆ ಯಾವ ಸುತ್ತೋಲೆಯನ್ನು ತೆರೆದನೋ ಅದಕ್ಕೆ ಆ ಹೆಸರು ತಾನಾಗಿ ಬರುವಂಥ ಏರ್ಪಾಡು. ಹೀಗೆ ಗುರುತುಗಳನ್ನು ಸೇರಿಸಿದ್ದರಿಂದ ಹುಡುಕಾಟ ಸುಧಾರಿಸಿತು.

ಹೀಗೆ ಕೂಡಿಹಾಕುವುದನ್ನು ನೌಕರನಿಗೆ ಮೊದಲೇ ತಿಳಿಸಿರಬೇಕೆಂದು ನನ್ನ ಮತ. ತಾನು ಓದುವುದನ್ನು ಮೇಲಧಿಕಾರಿ ನೋಡುತ್ತಿದ್ದಾನೆಂಬ ಅಳುಕು ಹೊಕ್ಕರೆ, ವರ್ಗಾವಣೆಯ ನಿಯಮವನ್ನೋ ಕಾಯಿಲೆ ರಜೆಯ ನಿಯಮವನ್ನೋ ಯಾರು ನಿರ್ಭಯವಾಗಿ ಹುಡುಕಿಯಾರು? ಡಾಗಿಯರ್‌ನಲ್ಲಿ ಗುರುತನ್ನು ಇತರರಿಗೆ ಕಾಣದಂತೆ ಇಡುವ ಅವಕಾಶವಿತ್ತು. ಹಾಗೆ ಮುಚ್ಚಿಟ್ಟ ಗುರುತು ಇಟ್ಟವನಿಗೆ ಮಾತ್ರ ಉಪಯೋಗ. ಪಕ್ಕದ ಮೇಜಿನವನ ಹುಡುಕಾಟಕ್ಕೆ ಅದರಿಂದ ಏನೂ ಸಿಕ್ಕುವುದಿಲ್ಲ.