ಚಿಕಿತ್ಸೆಗೂ ರೇಶನ್ ಉಂಟೇ? ಸಾಲಿನಲ್ಲಿ ಯಾರು ಮುಂದೆ ಎಂಬುದೇ ಪ್ರಶ್ನೆ

ಮಂಜೇಶ್ವರ: ಆರೋಗ್ಯ ಸೇವೆಯನ್ನು ಸರಕಾರವೇ ನಡೆಸಬೇಕೇ, ಖಾಸಗಿಯವರಿಗೆ ಬಿಡಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ. ಸರಕಾರ ಕೈಹಾಕಿದರೆ ಚಿಕಿತ್ಸೆಯೂ ರೇಶನ್ ಅಂಗಡಿಯ ಅಕ್ಕಿ, ಸೀಮೆಎಣ್ಣೆಯಂತೆ ಅಳೆದು ಕೊಡುವ ವಸ್ತುವಾಗುತ್ತದೆ, ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಅಧಿಕಾರಿಗಳು ತೀರ್ಮಾನಿಸುತ್ತಾರೆ ಎಂಬುದೇ ಆ ಆಕ್ಷೇಪ. ಅಮೆರಿಕದಲ್ಲಿ 2009ರಲ್ಲಿ ಇದೇ ಮಾತಿಗೆ ದೊಡ್ಡ ಗಲಾಟೆಯಾಯಿತು. ಬ್ರಿಟನ್ನಿನಲ್ಲಿ 1948ರಿಂದಲೂ ಚರ್ಚೆ ನಿಂತಿಲ್ಲ. ಗಡಿಯ ಈಚೆ ಮನೆ, ಗಡಿಯ ಆಚೆ ಆಸ್ಪತ್ರೆ ಎಂಬಂತೆ ಬದುಕುವ ನಮಗೂ ಇದು ದೂರದ ವಿಷಯವಲ್ಲ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಚಿಕಿತ್ಸೆಗೆ ಮಿತಿ ಇಲ್ಲದ ದೇಶ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕೆಲವು ಕಡೆ ಮಿತಿ ಹಾಕುವುದು ಹಣ: ದುಡ್ಡಿದ್ದವನಿಗೆ ಬೆಡ್ಡು, ಇಲ್ಲದವನು ಮನೆಗೆ. ಕೆಲವು ಕಡೆ ಕ್ಯೂ: ಎಲ್ಲರಿಗೂ ಉಚಿತ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಕೆಲವು ಕಡೆ ಪಟ್ಟಿ: ಪಟ್ಟಿಯಲ್ಲಿ ಹೆಸರಿದ್ದರೆ, ಕಾಯಿಲೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಳ್ಳಿಯವರಿಗೆ ನಾಲ್ಕನೆಯದೊಂದು ಗೊತ್ತಿದೆ, ಅದು ದೂರ. ಐವತ್ತು ಕಿಲೋಮೀಟರ್ ಆಚೆ ಇರುವ ಉಚಿತ ಚಿಕಿತ್ಸೆ ಮಧ್ಯರಾತ್ರಿ ಎದೆನೋವು ಬಂದವನಿಗೆ ಉಪಯೋಗಕ್ಕಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಮಿತಿಯನ್ನು ಯಾರು ಹಾಕುತ್ತಾರೆ, ಯಾವ ನಿಯಮದ ಮೇಲೆ ಹಾಕುತ್ತಾರೆ ಎಂಬುದು.

ಸಿಯಾಟಲ್‌ನ ಏಳು ಮಂದಿ

ಈ ಪ್ರಶ್ನೆ ಮೊದಲು ಕಣ್ಣಿಗೆ ಹೊಡೆಯುವಂತೆ ಎದ್ದದ್ದು ಡಯಾಲಿಸಿಸ್ ವಿಷಯದಲ್ಲಿ. ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ರೋಗಿಯ ತೋಳಿಗೆ ಶಾಶ್ವತವಾಗಿ ಅಳವಡಿಸುವ ಒಂದು ಕೊಳವೆಯನ್ನು ರೂಪಿಸಿದರು. ಅದುವರೆಗೆ ಯಂತ್ರಕ್ಕೆ ಜೋಡಿಸುವಾಗಲೆಲ್ಲ ರಕ್ತನಾಳ ಕತ್ತರಿಸಬೇಕಾಗಿತ್ತು, ಹಾಗಾಗಿ ಕೆಲವು ಸಲಕ್ಕಿಂತ ಹೆಚ್ಚು ಡಯಾಲಿಸಿಸ್ ಸಾಧ್ಯವಿರಲಿಲ್ಲ. ಹೊಸ ಕೊಳವೆಯಿಂದ ಕಿಡ್ನಿ ಪೂರ್ತಿ ಕೆಟ್ಟವರೂ ವರ್ಷಗಟ್ಟಲೆ ಬದುಕಬಹುದಾಯಿತು. ಮೊದಲ ರೋಗಿ ಹನ್ನೊಂದು ವರ್ಷ ಬದುಕಿದ.

ಆದರೆ 1962ರಲ್ಲಿ ಅಲ್ಲಿ ತೆರೆದ ಕೇಂದ್ರದಲ್ಲಿ ಜಾಗ ಬೆರಳೆಣಿಕೆಯಷ್ಟು, ಬೇಕಾದವರು ಎಷ್ಟೋ ಪಟ್ಟು. ವೈದ್ಯರು ಮೊದಲು ಸೋಸಿದರು, ಉಳಿದವರಲ್ಲಿ ಯಾರಿಗೆ ಎಂಬುದನ್ನು ಊರಿನ ಏಳು ಮಂದಿಯ ಸಮಿತಿಗೆ ಒಪ್ಪಿಸಲಾಯಿತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಸರಕಾರಿ ಅಧಿಕಾರಿ, ಒಬ್ಬ ಸರ್ಜನ್. ಅವರ ಹೆಸರು ಗುಟ್ಟು. ಅವರು ನೋಡುತ್ತಿದ್ದುದು ವಯಸ್ಸು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಪಾದನೆ, ಓದು, ಉದ್ಯೋಗ, ಇಗರ್ಜಿಗೆ ಹೋಗುತ್ತಾರೋ ಇಲ್ಲವೋ ಎಂಬುದನ್ನು! ಜೊತೆಗೆ ಇನ್ನೊಂದು ಷರತ್ತು, ರೋಗಿ ವಾಷಿಂಗ್ಟನ್ ರಾಜ್ಯದ ನಿವಾಸಿಯೇ ಆಗಿರಬೇಕು. ಗಡಿಯಲ್ಲಿರುವ ನಮಗೆ ಈ ಷರತ್ತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1962ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆ ಇದನ್ನು ಪ್ರಕಟಿಸಿದಾಗ ದೇಶವೇ ಬೆಚ್ಚಿತು. ಜನ ಅದನ್ನು 'ದೇವರ ಸಮಿತಿ' ಎಂದು ಕರೆದರು.

ಗಮನಿಸಬೇಕಾದ್ದು ಮುಂದಿನ ಕತೆ. ಆ ಸಮಿತಿಯ ಕಾಲವನ್ನು ಕೊನೆಗೊಳಿಸಿದ್ದು ಮಾರುಕಟ್ಟೆಯಲ್ಲ, ಸರಕಾರ. 1972ರಲ್ಲಿ ಅಮೆರಿಕ ಕಾನೂನು ಮಾಡಿ, 1973ರ ಜುಲೈಯಿಂದ ಕಿಡ್ನಿ ವಿಫಲವಾದ ಬಹುಪಾಲು ಎಲ್ಲರ ಡಯಾಲಿಸಿಸ್ ಖರ್ಚನ್ನು ವಯಸ್ಸು ನೋಡದೆ ವಹಿಸಿಕೊಂಡಿತು. ಅದೇ ಕಾಲದಲ್ಲಿ ಎಲ್ಲವೂ ಉಚಿತವಾಗಿದ್ದ ಬ್ರಿಟನ್ನಿನಲ್ಲಿ ಮಾತ್ರ ವಯಸ್ಸಾದ ಕಿಡ್ನಿ ರೋಗಿಗಳನ್ನು ಎಷ್ಟೋ ವೈದ್ಯರು ಡಯಾಲಿಸಿಸ್‌ಗೆ ಕಳುಹಿಸುತ್ತಲೇ ಇರಲಿಲ್ಲ. 'ಇನ್ನೇನೂ ಮಾಡಲಾಗದು' ಎಂದು ಮನೆಗೆ ಕಳುಹಿಸುತ್ತಿದ್ದರು. ಯಂತ್ರ ಕಡಿಮೆ ಎಂಬ ನಿಜವನ್ನು ಹೇಳುತ್ತಿರಲಿಲ್ಲ. ಒಂದೇ ಕಾಯಿಲೆ, ಎರಡು ದೇಶ. ಸರಕಾರಿ ಎಂದ ಮಾತ್ರಕ್ಕೆ ನ್ಯಾಯವೂ ಅಲ್ಲ, ಅನ್ಯಾಯವೂ ಅಲ್ಲ ಎಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್ನಿನ ಲೆಕ್ಕ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಆಗಿನ ಆರೋಗ್ಯ ಸಚಿವ ಅನ್ಯೂರಿನ್ ಬೆವನ್. ಮೂರೇ ವರ್ಷದಲ್ಲಿ, 1951ರಲ್ಲಿ, ಹಣ ಸಾಲದೆ ಕೃತಕ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಅದೇ ಸರಕಾರ ಹೊರಟಿತು. ಅದನ್ನು ಪ್ರತಿಭಟಿಸಿ ಬೆವನ್ ಮಂತ್ರಿಗಿರಿ ಬಿಟ್ಟರು.

ಬಹುಕಾಲ ಯಾವ ಊರಿನಲ್ಲಿ ಯಾವ ಔಷಧ ಸಿಗುತ್ತದೆ ಎಂಬುದು ಆಯಾ ಪ್ರದೇಶದ ಆರೋಗ್ಯ ಮಂಡಳಿಯ ಇಷ್ಟವಾಗಿತ್ತು. ಪಿನ್‌ಕೋಡ್ ಬದಲಾದರೆ ಚಿಕಿತ್ಸೆಯೂ ಬದಲು. ಇದಕ್ಕೆ ಅಲ್ಲಿನವರು 'ಪಿನ್‌ಕೋಡ್ ಲಾಟರಿ' ಎಂದೇ ಹೆಸರಿಟ್ಟರು. ಇದನ್ನು ಸರಿಪಡಿಸಲು 1999ರಲ್ಲಿ 'ನೈಸ್' ಎಂಬ ಸಂಸ್ಥೆ ಬಂತು. ಒಂದು ಔಷಧದಿಂದ ರೋಗಿಗೆ ಆರೋಗ್ಯವಾಗಿ ಬದುಕುವ ಎಷ್ಟು ವರ್ಷ ಸಿಗುತ್ತದೆ, ಅಂಥ ಒಂದು ವರ್ಷಕ್ಕೆ ಖರ್ಚೆಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಹಲವು ವರ್ಷಗಳ ಕಾಲ ಸಾಮಾನ್ಯ ಮಿತಿ ವರ್ಷಕ್ಕೆ 20,000ದಿಂದ 30,000 ಪೌಂಡ್ ಆಗಿತ್ತು. ಅದಕ್ಕಿಂತ ದುಬಾರಿಯಾದರೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತಿರಲಿಲ್ಲ.

ಜೀವಕ್ಕೆ ಬೆಲೆ ಕಟ್ಟುವುದೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನೈಸ್ ಲೆಕ್ಕ ಬಹಿರಂಗ. ಕಾರಣ ಬರೆದಿಡುತ್ತಾರೆ, ರೋಗಿಗಳ ಸಂಘಗಳು ವಾದಿಸಬಹುದು, ಮೇಲ್ಮನವಿ ಸಲ್ಲಿಸಬಹುದು. ಕೋರ್ಟಿಗೂ ಹೋಗಬಹುದು. ಸ್ತನ ಕ್ಯಾನ್ಸರಿನ ಹರ್ಸೆಪ್ಟಿನ್ ಔಷಧ ನಿರಾಕರಿಸಲ್ಪಟ್ಟ ಒಬ್ಬ ಮಹಿಳೆಯ ಪ್ರಕರಣದಲ್ಲಿ, ಸ್ಥಳೀಯ ಆರೋಗ್ಯ ಮಂಡಳಿಯ ನೀತಿ ತರ್ಕಹೀನ ಎಂದು ಮೇಲ್ಮನವಿ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು. ಇಷ್ಟಾದರೂ ಕ್ಯೂ ಕರಗಿಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಕಾಯುವವರ ಪಟ್ಟಿ 2023ರಲ್ಲಿ 77 ಲಕ್ಷ ದಾಟಿತ್ತು.

ಅಮೆರಿಕದ ಗದ್ದಲ

ಒರೆಗಾನ್ ರಾಜ್ಯ 1987ರಲ್ಲಿ ಬಡವರ ಆರೋಗ್ಯ ಯೋಜನೆಯಿಂದ ಅಂಗಾಂಗ ಕಸಿಯನ್ನು ಕೈಬಿಟ್ಟು, ಆ ಹಣವನ್ನು ಗರ್ಭಿಣಿಯರ ಆರೈಕೆಯಂಥ ಕೆಲಸಕ್ಕೆ ಕೊಡಲು ತೀರ್ಮಾನಿಸಿತು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಅದೇ ವರ್ಷ ರಕ್ತದ ಕ್ಯಾನ್ಸರ್ ಇದ್ದ ಏಳು ವರ್ಷದ ಬಾಲಕನೊಬ್ಬನ ತಾಯಿ ಅಸ್ಥಿಮಜ್ಜೆ ಕಸಿಗೆ ಊರವರಿಂದ ಹಣ ಕೂಡಿಸುತ್ತಿರುವಾಗಲೇ ಅವನು ತೀರಿಕೊಂಡ. ಆಮೇಲೆ ರಾಜ್ಯ ಬೇರೆ ದಾರಿ ಹಿಡಿಯಿತು. ವೈದ್ಯರೂ ಆಗಿದ್ದ ಶಾಸಕ ಜಾನ್ ಕಿಟ್ಜಾಬರ್ ಮುಂದಾಳ್ತನದಲ್ಲಿ 1989ರಲ್ಲಿ ಕಾನೂನಾಗಿ, ಸುಮಾರು 700 ಚಿಕಿತ್ಸೆಗಳನ್ನು ಮುಖ್ಯ, ಅಮುಖ್ಯ ಎಂದು ಸಾಲಾಗಿ ಬರೆಯಲಾಯಿತು. ಹಣ ಸಾಕಾಗುವಲ್ಲಿ ಗೆರೆ, ಗೆರೆಯ ಕೆಳಗಿನದಕ್ಕೆ ಹಣವಿಲ್ಲ. ಖರ್ಚು, ಪ್ರಯೋಜನಗಳ ಲೆಕ್ಕ ಹಾಕಿ ಮಾಡಿದ ಮೊದಲ ಪಟ್ಟಿಯಲ್ಲಿ ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಕ್ಸ್ ಆಪರೇಷನ್‌ಗಿಂತ ಮೇಲೆ ಬಂದಿತ್ತು! ಜನರ ಸಭೆ ಕರೆದು, ತಿದ್ದಿ, 1994ರಲ್ಲಿ ಜಾರಿಗೆ ತಂದರು.

2009ರ ಗದ್ದಲವೇ ಬೇರೆ. ಅಧ್ಯಕ್ಷ ಒಬಾಮ ಅವರ ಮಸೂದೆಯಲ್ಲಿ, ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ರೋಗಿ ತಾನಾಗಿ ವೈದ್ಯರ ಸಲಹೆ ಕೇಳಿದರೆ ಆ ಫೀಸನ್ನು ಸರಕಾರ ಕೊಡಬೇಕೆಂಬ ಒಂದು ಅಂಶವಿತ್ತು. ಅದನ್ನೇ ಸಾರಾ ಪೇಲಿನ್ 'ಸಾವಿನ ಸಮಿತಿ' ಎಂದು ಕರೆದರು. ಅಂಥ ಸಮಿತಿ ಮಸೂದೆಯಲ್ಲಿ ಇರಲಿಲ್ಲ. ಆದರೂ ಹೆದರಿಕೆ ಹಬ್ಬಿ, ಆ ಅಂಶವನ್ನು ಕೈಬಿಡಬೇಕಾಯಿತು. 2010ರ ಮಾರ್ಚಿನಲ್ಲಿ ಕಾನೂನು ಬಂತು. ತಮಾಷೆಯೆಂದರೆ, ಆ ಹೊತ್ತಿಗೆ ನಾಲ್ಕೂವರೆ ಕೋಟಿಯಷ್ಟು ಅಮೆರಿಕನ್ನರಿಗೆ ವಿಮೆಯೇ ಇರಲಿಲ್ಲ. ಮೊದಲೇ ಕಾಯಿಲೆ ಇದ್ದವರಿಗೆ ಖಾಸಗಿ ಕಂಪೆನಿಗಳು ಪಾಲಿಸಿ ನಿರಾಕರಿಸುತ್ತಿದ್ದವು. ಅದೂ ರೇಶನ್ನೇ, ಆದರೆ ಯಾರೂ ಹಾಗೆ ಕರೆಯಲಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ಸರಕಾರಿ ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುತ್ತೇವೆ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕಾರ್ಮಿಕನೊಬ್ಬನನ್ನು ಒಂದರ ಹಿಂದೆ ಒಂದು ಸರಕಾರಿ ಆಸ್ಪತ್ರೆಗೆ ಒಯ್ದರೂ ಬೆಡ್ಡಿಲ್ಲ, ಸೌಕರ್ಯವಿಲ್ಲ ಎಂಬ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಬದುಕಿದ. ಹಣದ ಕೊರತೆಯನ್ನು ಮುಂದಿಟ್ಟು ತುರ್ತು ಚಿಕಿತ್ಸೆಯ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಆದರೆ ಅದೇ ಕೋರ್ಟು 1998ರಲ್ಲಿ, ಪಂಜಾಬಿನ ನೌಕರರ ಪ್ರಕರಣದಲ್ಲಿ, ಯಾವ ಸರಕಾರದ ಬೊಕ್ಕಸವೂ ಮಿತಿಯಿಲ್ಲದ್ದಲ್ಲ, ಖರ್ಚಿಗೆ ದರ ನಿಗದಿ ಮಾಡುವುದು ತಪ್ಪಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು.

2018ರ ಸೆಪ್ಟೆಂಬರಿನಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ. ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಬಿ.ಪಿ., ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಕೊಳ್ಳುವ ಮಾತ್ರೆಗೆ ಅಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಕಿಸೆಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿಯಿತು. ಇಳಿದದ್ದು ನಿಜ. ಆದರೂ ನೂರರಲ್ಲಿ ನಲ್ವತ್ತು ರೂಪಾಯಿ ಕಿಸೆಯದ್ದೇ ಎಂದರೆ ನಮ್ಮಲ್ಲಿ ಅತಿ ದೊಡ್ಡ ರೇಶನ್ ಅಧಿಕಾರಿ ಇನ್ನೂ ಹಣವೇ.

ಗಡಿಯ ಪಿನ್‌ಕೋಡ್

ಇನ್ನು ನಮ್ಮ ಕಡೆಗೆ ಬರೋಣ. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ರಾಯದುರ್ಗದವರಿಗೆ ಬಳ್ಳಾರಿ, ತಾಳವಾಡಿಯವರಿಗೆ ಚಾಮರಾಜನಗರ, ಮೈಸೂರು, ಹೊಸೂರಿನವರಿಗೆ ಬೆಂಗಳೂರು. ರೋಗ ರಾಜ್ಯದ ಗಡಿ ನೋಡುವುದಿಲ್ಲ, ಕಾರ್ಡು ನೋಡುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅದು ಎಷ್ಟು ಕಠೋರ ಎಂದು ಗೊತ್ತಾಯಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ಹಲವರು ಚಿಕಿತ್ಸೆ ಸಿಗದೆ ಸತ್ತರು. ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಎರಡೂ ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿದ ಬಳಿಕ ಏಪ್ರಿಲ್ 7ರಂದು ಮುಗಿಯಿತು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲೇ ಶಿಲಾನ್ಯಾಸವಾಗಿತ್ತು. 2020ರ ಏಪ್ರಿಲಿನಲ್ಲಿ ಅದನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಲಾಯಿತು. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವಿನ ಹನ್ನೆರಡು ವರ್ಷವೂ ಒಂದು ಬಗೆಯ ಕ್ಯೂ.

ಪಟ್ಟಿಯ ಮಹಿಮೆ ಏನೆಂದು ಎಣ್ಮಕಜೆ ಕಡೆಯವರನ್ನು ಕೇಳಬೇಕು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನರಳಿದ ಎಲ್ಲರಿಗೂ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ. ಅವರೂ ಕೋರ್ಟಿಗೆ ಹೋದವರು. ಕೋರ್ಟು ಛೀಮಾರಿ ಹಾಕಿದ ಮೇಲೆ ವಿತರಣೆ ಚುರುಕಾಯಿತು. ಪಟ್ಟಿಯಿಂದ ಹೊರಗುಳಿದ ಮಕ್ಕಳನ್ನು ಸೇರಿಸಲು ತಾಯಂದಿರು 2019ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕುಳಿತುಕೊಳ್ಳಬೇಕಾಯಿತು. ಸಿಯಾಟಲ್‌ನ ಸಮಿತಿಯ ಮುಂದೆ ರೋಗಿ ಹಾಜರಾಗುವಂತಿರಲಿಲ್ಲ. ಈ ತಾಯಂದಿರು ಹಾಜರಾದರು, ವ್ಯತ್ಯಾಸ ಅಷ್ಟೆ.

ನಾವು ಕೇಳಬೇಕಾದ್ದು

ಸರಕಾರಿ ಆರೋಗ್ಯ ಸೇವೆ ಬೇಡ ಎನ್ನುವವರು ಮಿತಿಯ ಭಯ ತೋರಿಸುತ್ತಾರೆ. ಬೇಕು ಎನ್ನುವವರು ಮಿತಿಯೇ ಇರುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಹಣ ಹಾಕುವ ಮಿತಿಯನ್ನು ಪ್ರಶ್ನಿಸಲು ಎದುರಿಗೆ ಯಾರೂ ಇರುವುದಿಲ್ಲ. ಸರಕಾರ ಹಾಕುವ ಮಿತಿಗೆ ಒಬ್ಬ ಹೊಣೆಗಾರ ಸಿಗುತ್ತಾನೆ, ಆದರೆ ನಿಯಮ ಬರಹದಲ್ಲಿದ್ದರೆ, ಕಾರಣ ಹೇಳಿದರೆ, ಮೇಲ್ಮನವಿಗೆ ಜಾಗವಿದ್ದರೆ ಮಾತ್ರ. ಈ ಮೂರೂ ಇಲ್ಲದ ಸರಕಾರಿ ಸೇವೆ ಬರೀ ಕೃಪೆ.

ಆದ್ದರಿಂದ ಗಡಿನಾಡಿನವರಿಗೆ ಒಂದು ಸಲಹೆ. ಆಯುಷ್ಮಾನ್ ಭಾರತ್‌ನ ಕೇಂದ್ರ ಪಟ್ಟಿಯಲ್ಲಿ ಇರುವವರಿಗೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸೌಲಭ್ಯ ಉಂಟು. ರಾಜ್ಯ ಸರಕಾರ ತಾನಾಗಿ ಸೇರಿಸಿಕೊಂಡ ಕುಟುಂಬಗಳಿಗೆ ಗಡಿಯಾಚೆ ಅದು ಸಿಕ್ಕೇ ಸಿಗುತ್ತದೆ ಎಂದಿಲ್ಲ. ನಿಮ್ಮ ಕಾರ್ಡು ಯಾವ ಬಗೆಯದು, ನೀವು ಹೋಗುವ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. ಸಹಾಯವಾಣಿ 14555. ಚಿಕಿತ್ಸೆ ಇಲ್ಲವೆಂದರೆ 'ಯಾವ ನಿಯಮದಂತೆ ಇಲ್ಲ?' ಎಂದು ಬರಹದಲ್ಲಿ ಕೇಳಿ. ರೇಶನ್ ಅಂಗಡಿಯಲ್ಲಿ ಅಕ್ಕಿ ಕಡಿಮೆ ಬಂದರೆ ತೂಕ ಕೇಳುವ ನಾವು ಆಸ್ಪತ್ರೆಯ ಕೌಂಟರಿನಲ್ಲಿ ಸುಮ್ಮನೆ ತಿರುಗಿ ಬರಬಾರದು.