ಶ್ವಾಸಕೋಶದ ಕಲೆ ಮಾಯದು, ಬದುಕು ನಿಲ್ಲಬೇಕಾಗಿಲ್ಲ

ಥಾಣೆ: ತಬಲಾ ಮಾಂತ್ರಿಕ ಉಸ್ತಾದ್ ಝಾಕೀರ್ ಹುಸೇನ್ ಅವರು 2024ರ ಡಿಸೆಂಬರ್ 15ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ 73ನೇ ವಯಸ್ಸಿನಲ್ಲಿ ನಿಧನರಾದಾಗ, ಅವರ ಹುಟ್ಟೂರು ಮುಂಬಯಿಯ ಅನೇಕರು ಈ ಕಾಯಿಲೆಯ ಹೆಸರನ್ನು ಮೊದಲ ಬಾರಿಗೆ ಕೇಳಿದರು: ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್. ಶ್ವಾಸಕೋಶದ ಮೃದುವಾದ ಒಳಭಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಹೋಗುವುದೇ ಫೈಬ್ರೋಸಿಸ್. ಗಟ್ಟಿಯಾದ ಭಾಗದಿಂದ ಆಮ್ಲಜನಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಾರಣ ತಿಳಿಯದಿದ್ದರೆ ಅದಕ್ಕೆ ಇಡಿಯೋಪಥಿಕ್ ಎನ್ನುತ್ತಾರೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮವರಿಗೆ ಈ ಕಾಯಿಲೆಯ ಮೊದಲ ಸೂಚನೆ ಸಿಗುವುದು ಹೆಚ್ಚಾಗಿ ರೈಲು ನಿಲ್ದಾಣದ ಮೆಟ್ಟಿಲುಗಳ ಮೇಲೆ. ಒಂದೇ ಉಸಿರಿಗೆ ಸೇತುವೆ ಹತ್ತುತ್ತಿದ್ದವರು ನಡುವೆ ನಿಲ್ಲತೊಡಗುತ್ತಾರೆ. ತಿಂಗಳುಗಟ್ಟಲೆ ಒಣ ಕೆಮ್ಮು ಕಾಡುತ್ತದೆ. ವಯಸ್ಸಾಯಿತು, ಹೊಗೆ ಧೂಳು ಹೆಚ್ಚಾಯಿತು ಎಂದು ದಿನ ದೂಡುವುದುಂಟು. ಕೆಲವರಿಗೆ ಅಸ್ತಮಾ ಅಥವಾ ಕ್ಷಯ ಎಂದು ಮದ್ದು ನಡೆದಿರುತ್ತದೆ. ಎಚ್‌ಆರ್‌ಸಿಟಿ ಸ್ಕ್ಯಾನ್ ಮತ್ತು ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆಯಿಂದ ನಿಜಸ್ಥಿತಿ ತಿಳಿಯುತ್ತದೆ.

ಎಲ್ಲ ಫೈಬ್ರೋಸಿಸ್‌ಗೂ ಕಾರಣ ಅಜ್ಞಾತವಲ್ಲ. ದೇಶದ 19 ನಗರಗಳ 1,084 ರೋಗಿಗಳ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದ್ದದ್ದು ಉಸಿರಿನೊಂದಿಗೆ ಒಳಹೋಗುವ ಬೂಷ್ಟು, ಹಕ್ಕಿಗಳ ಹಿಕ್ಕೆ ಮುಂತಾದವುಗಳ ಅಲರ್ಜಿಯಿಂದ ಬರುವ ತೊಂದರೆ. 2025ರ ಜುಲೈಯಲ್ಲಿ ಮುಂಬಯಿಯ 51 ಕಬೂತರ್‌ಖಾನಾಗಳನ್ನು ಮುಚ್ಚಲು ಸರಕಾರ ಸೂಚಿಸಿದಾಗ ಪರ ವಿರೋಧದ ಮಾತುಗಳು ಕೇಳಿಬಂದವು. ಆದರೆ ನಮ್ಮದೇ ಗ್ಯಾಲರಿ, ಏಸಿ ಪೆಟ್ಟಿಗೆ, ಕಟ್ಟಡದ ಡಕ್ಟ್‌ಗಳಲ್ಲಿ ಗೂಡು ಕಟ್ಟಿರುವ ಪಾರಿವಾಳಗಳತ್ತ ಗಮನ ಹೋಗುವುದು ಕಡಿಮೆ. ರೋಗಿ ಇರುವ ಮನೆಯಲ್ಲಿ ಬಲೆ ಹಾಕಿಸುವುದು ಚಿಕಿತ್ಸೆಯ ಭಾಗವೇ. ಒಣಗಿದ ಹಿಕ್ಕೆಯನ್ನು ರೋಗಿಯೇ ಗುಡಿಸಬಾರದು. ಬೇರೆಯವರು ಮಾಸ್ಕ್ ಧರಿಸಿ, ನೀರು ಹಾಕಿ ಒದ್ದೆ ಮಾಡಿ ತೆಗೆಯಬೇಕು.

ಒಮ್ಮೆ ಬಿದ್ದ ಕಲೆ ಅಳಿಯದು. ಆದರೆ ಅದು ಹಬ್ಬುವ ವೇಗವನ್ನು ತಗ್ಗಿಸುವ ಪಿರ್ಫೆನಿಡೋನ್, ನಿಂಟೆಡಾನಿಬ್ ಔಷಧಗಳು ಭಾರತದಲ್ಲಿ ದೊರೆಯುತ್ತವೆ. ಎರಡನ್ನೂ ಊಟದೊಂದಿಗೆ ಸೇವಿಸಬೇಕು. ಮೊದಲನೆಯದನ್ನು ತೆಗೆದುಕೊಳ್ಳುವವರು ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಬೇಕು. ಎರಡನೆಯದರಿಂದ ಭೇದಿ ಆಗಬಹುದು. ತೊಂದರೆಯಾದರೆ ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಆಯ್ದ ಕೆಲವರಿಗೆ ಶ್ವಾಸಕೋಶ ಕಸಿಯ ದಾರಿಯೂ ಇದೆ.

ಏದುಸಿರಿಗೆ ಹೆದರಿ ಮೂಲೆ ಹಿಡಿದರೆ ಕಾಲಿನ ಸ್ನಾಯುಗಳು ಸೋಲುತ್ತವೆ, ಉಸಿರು ಇನ್ನಷ್ಟು ಕಟ್ಟುತ್ತದೆ. ವೈದ್ಯರು ಹೇಳಿದಷ್ಟು ನಡಿಗೆ, ಉಸಿರಾಟದ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಸಹಕಾರಿ. ಆಮ್ಲಜನಕ ಹಚ್ಚಿಕೊಂಡರೆ ಕೊನೆಗಾಲ ಬಂತೆಂದಲ್ಲ. ಅದರ ನೆರವಿನಿಂದ ಓಡಾಡುವವರಿದ್ದಾರೆ. ಮನೆಯಲ್ಲಿ ಆಮ್ಲಜನಕ ಯಂತ್ರವಿದ್ದರೆ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ದೂರವಿರಲಿ. ವಿದ್ಯುತ್ ಹೋದಾಗ ಕೈಗೆ ಸಿಗುವಂತೆ ಒಂದು ಸಿಲಿಂಡರ್ ಇರಲಿ.

ಇದು ಅಂಟುರೋಗವಲ್ಲ. ಆದರೂ ಕೆಮ್ಮು ಕೇಳಿ ದೂರ ಸರಿಯುವವರಿದ್ದಾರೆ; ಆ ಸಂಕೋಚಕ್ಕೆ ರೋಗಿಯೂ ಸಭೆ ಸಮಾರಂಭ ಬಿಡುತ್ತಾರೆ. ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದದ್ದು ಬಹಳಷ್ಟಿದೆ. ಉಚಿತ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಯೊಂದಿಗೆ ಆಕ್ಸಿಮೀಟರ್ ತಪಾಸಣೆಯೂ ನಡೆಯಲಿ. ಕುಳಿತಾಗ 96 ತೋರಿಸುವ ಆಕ್ಸಿಮೀಟರ್, ಈ ಕಾಯಿಲೆ ಇರುವವರು ಆರು ನಿಮಿಷ ನಡೆದರೆ 90ಕ್ಕಿಂತ ಕೆಳಗೆ ಇಳಿಯಬಹುದು. ಆದ್ದರಿಂದ ವೈದ್ಯರ ಸಮ್ಮುಖದಲ್ಲಿ ನಡೆಸಿ ನೋಡುವುದು ಮುಖ್ಯ. ಕಾರ್ಯಕ್ರಮಗಳನ್ನು ಲಿಫ್ಟ್ ಇರುವ ಅಥವಾ ನೆಲಮಾಳಿಗೆಯಲ್ಲದ, ಗಾಳಿಯಾಡುವ ಸಭಾಂಗಣದಲ್ಲಿ ಇಟ್ಟುಕೊಂಡು, ಬಾಗಿಲ ಬಳಿ ನಾಲ್ಕು ಕುರ್ಚಿ ಮೀಸಲಿಟ್ಟರೆ, ಮನೆಯೊಳಗೇ ಉಳಿದ ಹಿರಿಯ ಸದಸ್ಯರು ಮತ್ತೆ ನಮ್ಮ ನಡುವೆ ಬಂದು ಕುಳಿತಾರು.